ಗಾಳಿಯ ಮೇಲೆ ಹೊರಿಸಿದ ತಪ್ಪು

ವಿಲ್ಬರ್ ಬಯರ್ಲಿ ಸತ್ತು ಎರಡು ತಿಂಗಳಾದ ಮೇಲೆ ಅವನ ಬಂದೂಕಿನ ಹೊಸ ನಳಿಗೆ ಬಂತು. ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಇದೇನೂ ಅಚ್ಚರಿಯ ಮಾತಲ್ಲ. ಸಾವಿರ ಗಜದಾಚೆಯ ಗುರಿಗೆ ಹೊಡೆಯುವವರು ಒಳ್ಳೆಯ ನಳಿಗೆ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಹೇಳಿಹೋದವನು ಅಷ್ಟರಲ್ಲಿ ಇರುತ್ತಾನೋ ಇಲ್ಲವೋ ಎಂದು ಮಾಡುವವನು ವಿಚಾರಿಸುವುದಿಲ್ಲ. ಹಿಂದೆಯೂ ಕೆಲವು ವಿಧವೆಯರ ಬಾಗಿಲಿಗೆ ಹೀಗೆ ಉಕ್ಕಿನ ಕೋಲು ಬಂದು ನಿಂತದ್ದುಂಟು. ಅವರು ಅದನ್ನು ಮಾರಿ ಮನೆಯ ಸೂರು ರಿಪೇರಿ ಮಾಡಿಸಿಕೊಂಡರು, ಗಂಡನ ಹುಚ್ಚಿನಿಂದ ಕೊನೆಗೂ ಇಷ್ಟಾದರೂ ಉಪಯೋಗವಾಯಿತಲ್ಲ ಎಂದು.

ವಿಲ್ಬರನ ಹೆಂಡತಿ ಆರ್ಡಿತ್ ಮಾರುವಂತಿರಲಿಲ್ಲ. ಅಲ್ಲಿಯ ಕ್ಲಬ್ಬಿನಲ್ಲಿ ಒಂದು ರೂಢಿಯಿದೆ. ಸದಸ್ಯ ಸತ್ತರೆ ಮುಂದಿನ ವಸಂತದ ಮೊದಲ ಪಂದ್ಯದಲ್ಲಿ ಅವನ ಬಂದೂಕನ್ನು ಅವನ ಬೆಂಚಿನ ಮೇಲಿಟ್ಟು ಮನೆಯವರೊಬ್ಬರು ಹೊಡೆಯಬೇಕು. ಮಕ್ಕಳಿಲ್ಲದ ಮನೆಯಲ್ಲಿ ಮನೆಯವರು ಎಂದರೆ ಆರ್ಡಿತ್ ಒಬ್ಬಳೇ. ಹಳೆಯ ನಳಿಗೆಯ ಗಂಟಲು ಸುಟ್ಟು ಸವೆದು ಹೋಗಿತ್ತೆಂದು ವಿಲ್ಬರನೇ ಅದನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದ.

ಅವನು ಸತ್ತದ್ದು ಜನವರಿಯಲ್ಲಿ, ಅಂಗಳದ ದಾರಿಯ ಹಿಮ ಎತ್ತಿಹಾಕುವಾಗ. ಆರ್ಡಿತ್ ಒಳಗೆ ಸಾಸೇಜು ಹುರಿದು, ಬಕ್‌ವೀಟ್ ದೋಸೆ ಹುಯ್ದು ಕಾಯುತ್ತಿದ್ದಳು. ಕಿಟಕಿಯಲ್ಲಿ ನೋಡಿದರೆ ಸಲಿಕೆ ನೆಟ್ಟಗೆ ನಿಂತಿತ್ತು, ಮನುಷ್ಯ ಬಿದ್ದಿದ್ದ. ಫೋನು ಮಾಡಿದಳು. ಅವನ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಆಮೇಲೆ ಆಂಬುಲೆನ್ಸ್ ಒಳಗೆ ಬರಬೇಕಲ್ಲ ಎಂದು, ಅವನು ಬಿಟ್ಟ ಕಡೆಯಿಂದ ಅವಳೇ ಹಿಮ ಎತ್ತಿಹಾಕಿದಳು. ಇದನ್ನು ಚರ್ಚಿನ ಹೆಂಗಸರು ಎಷ್ಟು ಬಾಯಿಗಳಲ್ಲಿ ಎಷ್ಟು ಬಗೆಯಾಗಿ ಆಡಿಕೊಂಡರೋ ಲೆಕ್ಕವಿಲ್ಲ. ಮಣ್ಣು ಮಾಡುವಾಗಲೂ ಅವಳು ಅಳಲಿಲ್ಲ. ಕಲ್ಲು ಕಣ್ರೀ ಅದು, ಎಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಆರ್ಡಿತ್‌ಗೆ ಒಳಗೆ ಏನೂ ಆಗುತ್ತಿರಲಿಲ್ಲ. ಏನಾದರೂ ಆಗಲಿ ಎಂದು ಕಾದಳು, ಆಗಲಿಲ್ಲ. ಎದ್ದಳು, ತಿಂದಳು, ಪಾತ್ರೆ ತೊಳೆದಳು, ಮಲಗಿದಳು. ತಿಂದದ್ದು ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ.

ಹಾಗಿರುವಾಗ ಮಾರ್ಚಿನಲ್ಲಿ ಮರ್ಲ್ ಕಾನ್ಫರ್ ಫೋನು ಮಾಡಿದ. ಮರ್ಲ್ ಆ ಕಣಿವೆಯ ಬಂದೂಕಿನ ಕಮ್ಮಾರ, ದನದ ಕೊಟ್ಟಿಗೆಯ ಹಿಂದೆ ಉಕ್ಕು ಕೊರೆಯುವ ಲೇತು ಇಟ್ಟುಕೊಂಡವನು, ವಿಲ್ಬರನ ಜೊತೆ ಒಂದೇ ಶಾಲೆಯ ಬಸ್ಸು ಹತ್ತಿ ಇಳಿದವನು.

"ನಳಿಗೆ ಬಂತು ಆರ್ಡಿತ್. ರೀಮರೂ ಬಂತು," ಎಂದ.

"ರೀಮರ್ ಯಾಕೆ? ಹಳೇದು ಇದೆಯಲ್ಲ."

ಮರ್ಲ್ ಲೇತು ನಿಲ್ಲಿಸಿದ. "ಬಾ, ಮಾತಾಡಣ," ಎಂದು ಇಟ್ಟುಬಿಟ್ಟ.

ನಳಿಗೆ ಬರುವಾಗ ಬರೀ ತೂತಿನ ಕೋಲು. ತೋಟಾ ಕೂರುವ ಗೂಡನ್ನು, ಅಂದರೆ ಚೇಂಬರನ್ನು, ಕಮ್ಮಾರ ಅದರ ಹಿಂಬದಿಯಲ್ಲಿ ರೀಮರ್ ಎಂಬ ಉಪಕರಣದಿಂದ ಕೊರೆಯಬೇಕು. ಗೂಡಿನ ಮುಂದಕ್ಕೆ ಸಣ್ಣ ಗಂಟಲು. ತೋಟಾದ ತುದಿಯಲ್ಲಿ ಕೂತ ಗುಂಡು ತನ್ನ ಮೂತಿಯನ್ನು ಆ ಗಂಟಲಿನ ಕೊನೆಯಲ್ಲಿ ಶುರುವಾಗುವ ಸುರುಳಿ ಏಣುಗಳಿಗೆ ತಾಗಿಯೂ ತಾಗದ ಹಾಗೆ ಇಟ್ಟುಕೊಂಡಿರಬೇಕು. ತಾಗದೆ ದೂರವಿದ್ದರೆ ಹೊರಡುವಾಗಲೇ ಮುಗ್ಗರಿಸುತ್ತದೆ. ಆದ್ದರಿಂದ ಮೊದಲು ಗುಂಡು ಗೊತ್ತುಮಾಡಿ, ಆಮೇಲೆ ಗಂಟಲು ಕೊರೆಯಬೇಕು. ಗಿಡ್ಡ ಗುಂಡಿಗೆ ಗಿಡ್ಡ ಗಂಟಲು, ಉದ್ದನೆಯದಕ್ಕೆ ಉದ್ದ. ಒಮ್ಮೆ ಕೊರೆದದ್ದನ್ನು ತುಂಬಿಸಲಾಗದು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ವರ್ಷಗಟ್ಟಲೆ ಕಾದ ನಳಿಗೆ ಮಧ್ಯಾಹ್ನದ ಊಟದೊಳಗೆ ಹಾಳಾಗಬಹುದು. ಗಂಡಸರು ಇದರ ಬಗ್ಗೆ ಚಳಿಗಾಲವಿಡೀ ತಲೆ ಕೆಡಿಸಿಕೊಳ್ಳುತ್ತಾರೆ. ಮಗಳಿಗೆ ಗಂಡು ನೋಡುವಾಗಲೂ ಅವರು ಇಷ್ಟು ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ.

ವಿಲ್ಬರನಿಗೆ ಈ ತಲೆನೋವು ಎಂದೂ ಇರಲಿಲ್ಲ. ಅವನ ಗುಂಡು ಮನೆಯಲ್ಲೇ ಆಗುತ್ತಿತ್ತು. ಮದುವೆಯ ಹೊಸತರಲ್ಲಿ ಹುಲ್ಲುಗಾವಲಿನಲ್ಲಿ ಬಿಲ ತೋಡುವ ಪ್ರಾಣಿ ಗ್ರೌಂಡ್‌ಹಾಗ್ ಹೊಡೆಯಲು ಜೊತೆಗೆ ಹೋಗುತ್ತಿದ್ದ ಆರ್ಡಿತ್, ಕೊಂಡ ಗುಂಡು ಇಷ್ಟು ಸೊಟ್ಟಗಿದ್ದರೆ ನಾನೇ ಮಾಡುತ್ತೇನೆ ಬಿಡು ಎಂದು ನೆಲಮಾಳಿಗೆಯಲ್ಲಿ ಕೂತವಳು, ಮತ್ತೆ ಏಳಲಿಲ್ಲ. ತಾಮ್ರದ ಪುಟ್ಟ ಬಟ್ಟಲು, ಅದರೊಳಗೆ ತುಂಡರಿಸಿದ ಸೀಸ, ಕುರಿಯ ಉಣ್ಣೆಯ ಜಿಡ್ಡು, ಮೇಲಿಂದ ಹಿಡಿಕೆ ಒತ್ತುವ ಯಂತ್ರ. ಒತ್ತಿದರೆ ಸೀಸ ಬಟ್ಟಲಿನೊಳಗೆ ಕೂರುತ್ತದೆ. ಸರಿಯಾಗಿ ಕೂತಿತೋ ಇಲ್ಲವೋ ಎಂದು ಹೇಳುವ ಮಾಪಕ ಯಾವುದೂ ಇಲ್ಲ. ಅದು ಕೈಗೆ ತಿಳಿಯಬೇಕು. ಒಂದು ಗುಂಡು ಗಟ್ಟಿಯಾಗಿ ನಿಲ್ಲುತ್ತದೆ, ಇನ್ನೊಂದು ಮೆತ್ತಗೆ ಜಾರುತ್ತದೆ. ಮೆತ್ತಗೆ ಜಾರಿದ್ದನ್ನು ಆರ್ಡಿತ್ ಪಕ್ಕದ ಕಾಫಿ ಡಬ್ಬಕ್ಕೆ ಎಸೆಯುತ್ತಿದ್ದಳು. ವಾರಕ್ಕೊಮ್ಮೆ ವಿಲ್ಬರ್ ಆ ಡಬ್ಬ ಬರಿದು ಮಾಡಿ ಸೀಸ ಕರಗಿಸುತ್ತಿದ್ದ.

ಅವಳ ಗುಂಡಿಗೆ ಕಣಿವೆಯಲ್ಲಿ ಹೆಸರಿತ್ತು. ಪಂದ್ಯದ ದಿನ ಮರ್ಲ್‌ನ ಹೆಂಡತಿ ಲಿಯೋನಾ ಮೈಕು ಹಿಡಿದು ಒಬ್ಬೊಬ್ಬರ ಸರಂಜಾಮನ್ನು ಓದಿ ಹೇಳುತ್ತಾಳೆ: ಕಮ್ಮಾರ ಯಾರು, ನಳಿಗೆ ಯಾರದು, ಗುಂಡು ಯಾರದು. ಗುಂಡು ಎಂದ ಕಡೆ ಅರ್ಧ ಜನಕ್ಕೆ "ಆರ್ಡಿತ್" ಎಂದೇ ಬರುತ್ತಿತ್ತು. ದೇವಸ್ಥಾನದಲ್ಲಿ ಗೋತ್ರ ಹೇಳಿದ ಹಾಗೆ, ಅದನ್ನು ಕೇಳಿಸಿಕೊಳ್ಳುವಾಗ ಅವಳು ಕ್ಲಬ್ಬಿನ ಅಡುಗೆಮನೆಯ ಕಿಟಕಿಯಲ್ಲಿ ಸೂಪು ಕಲಕುವುದನ್ನು ನಿಲ್ಲಿಸುತ್ತಿದ್ದಳು.

ಮರ್ಲ್‌ನ ಕೊಟ್ಟಿಗೆಯಲ್ಲಿ ನಳಿಗೆಯನ್ನು ಕಂಬಳಿಯ ಮೇಲೆ ಮಲಗಿಸಿತ್ತು. ಪಕ್ಕದಲ್ಲಿ ಹಳೆಯ ರೀಮರು, ಅದರ ಪಕ್ಕ ಪ್ಲಾಸ್ಟಿಕ್ ಕೊಳವೆಯಲ್ಲಿ ಎಣ್ಣೆ ಮೆತ್ತಿದ ಹೊಸದು. ಮರ್ಲ್‌ನ ಎಡಗೈ ಮುಷ್ಟಿ ಕಟ್ಟಿತ್ತು.

ರೀಮರ್ ಮಾಡಿಸುವವನು ಮದ್ದಿಲ್ಲದ ಮಾದರಿ ತೋಟಾ ಒಂದನ್ನು ಕಳಿಸಿಕೊಡಬೇಕು. ಅದರಲ್ಲಿ ತನಗೆ ಬೇಕಾದ ಗುಂಡನ್ನು ಬೇಕಾದಷ್ಟೇ ಹೊರಗೆ ಚಾಚಿ ಕೂರಿಸಿರಬೇಕು. ಆ ಅಳತೆಗೆ ಉಪಕರಣ ಮಾಡಿ, ಮಾದರಿಯನ್ನೂ ಜೊತೆಗಿಟ್ಟು ವಾಪಸು ಕಳಿಸುತ್ತಾರೆ. ಇದು ಆರ್ಡಿತ್‌ಗೆ ತಿಳಿಯದ ವಿಷಯವಲ್ಲ. ಕೈ ಚಾಚಿದಳು.

"ಕೊಡು."

ಮರ್ಲ್ ಮುಷ್ಟಿ ಬಿಚ್ಚಿದ. ತೋಟಾ ವಿಲ್ಬರನದೇ. ತೋಟಾದ ಕುತ್ತಿಗೆಯನ್ನು ಅಷ್ಟು ನುಣ್ಣಗೆ ಕೆರೆಯುವವನು ಇನ್ನೊಬ್ಬನಿಲ್ಲ. ಅದರ ತುದಿಯಲ್ಲಿದ್ದ ಗುಂಡು ಮಾತ್ರ ಅವಳದಲ್ಲ. ಉದ್ದ ಮೂತಿಯದು, ಕಾರ್ಖಾನೆಯದು, ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂಥದ್ದು.

"ಯಾವಾಗ ಕಳಿಸಿದ?"

"ಅಕ್ಟೋಬರ್ನಲ್ಲಿ. ಪಂದ್ಯ ಎಲ್ಲಾ ಮುಗಿದ ಮೇಲೆ."

"ಏನಂದ?"

ಮರ್ಲ್ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಅವಳಿಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ, ಅಲ್ಲೀತನಕ ನೀನೂ ಬಾಯಿ ಬಿಡಬೇಡ ಅಂದ."

"ನನ್ನ ಗುಂಡು ಕೆಟ್ಟಿದೆ ಅಂದ್ನಾ?"

"ಕೆಟ್ಟಿದೆ ಅನ್ನಲಿಲ್ಲಮ್ಮ. ಅವಳ ಡಬ್ಬ ಈಗೀಗ ಖಾಲಿ ಇರುತ್ತೆ ಅಂದ. ನಂಗೇನೂ ಅರ್ಥ ಆಗಲಿಲ್ಲ."

ಆರ್ಡಿತ್‌ಗೆ ಅರ್ಥವಾಯಿತು. ಹಿಂದಿನ ವರ್ಷದ ವಸಂತದಲ್ಲಿ ಅವಳ ಬೆರಳುಗಳು ಜೋಮು ಹಿಡಿದಿದ್ದವು. ಏಪ್ರನ್ನಿನ ಜೇಬಿನಲ್ಲಿ ಗುಂಡಿ ಯಾವುದು, ನಾಣ್ಯ ಯಾವುದು ಎಂದು ತೆಗೆದು ನೋಡದೆ ತಿಳಿಯುತ್ತಿರಲಿಲ್ಲ. ಡಾಕ್ಟರು ನರ ಎಂದರು, ಮರಳುವುದು ಕಷ್ಟ ಎಂದರು. ಅವಳು ವಿಲ್ಬರನಿಗೆ ಹೇಳಲಿಲ್ಲ. ಹಿಡಿಕೆ ಒತ್ತುತ್ತಲೇ ಹೋದಳು. ಎಲ್ಲ ಗುಂಡೂ ಒಂದೇ ಥರ ಅನ್ನಿಸುತ್ತಿತ್ತು, ಆದ್ದರಿಂದ ಯಾವುದನ್ನೂ ಎಸೆಯಲಿಲ್ಲ. ಎಸೆಯುವುದೇ ಇಲ್ಲದ ಮೇಲೆ ಡಬ್ಬದಲ್ಲಿ ಏನಿರುತ್ತದೆ? ವಾರ ವಾರ ಅದನ್ನು ಎತ್ತಿ ನೋಡಿದವನಿಗೆ ಹೆಂಡತಿಯ ಕೈ ಸತ್ತದ್ದು ತಿಳಿದೇ ಇತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಆ ವರ್ಷವಿಡೀ ಇದ್ದ. ಅವಳು ಕೊಟ್ಟ ಗುಂಡನ್ನೇ ಹೊಡೆದ, ಸೋತ, ಮನೆಗೆ ಬಂದು "ಗಾಳಿ" ಎಂದ.

ಗಾಳಿ ಓದುವುದರಲ್ಲಿ ವಿಲ್ಬರನನ್ನು ಮೀರಿಸಿದವರಿರಲಿಲ್ಲ. ಹುಲ್ಲಿನ ತುದಿ, ದೂರದ ಬಾವುಟ, ಬಿಸಿಲ ಝಳ ಹೊರಳುವ ದಿಕ್ಕು, ಇಷ್ಟು ನೋಡಿ ಅವನು ಕಾಯುವುದನ್ನು ನೋಡಲೆಂದೇ ಬರುವವರಿದ್ದರು. ಕಳೆದ ಬೇಸಿಗೆ ಆ ಹೆಸರೂ ಹೋಯಿತು. ಅವನ ಹಳೆಯ ಎದುರಾಳಿ ಡಾರ್ಸಿ ಸ್ನೂಕ್ ಅಡುಗೆಮನೆಯ ಸಾಲಿನಲ್ಲಿ ತಟ್ಟೆ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಕುಣಿಯಕ್ಕಾಗದವಳು ನೆಲ ಡೊಂಕು ಅಂದ್ಲಂತೆ. ನಮ್ ವಿಲ್ಬರಂಗೆ ಗಾಳಿ ಡೊಂಕು," ಎಂದಿದ್ದ. ಜನ ನಕ್ಕರು. ವಿಲ್ಬರನೂ ನಕ್ಕ. ಇಷ್ಟೇ ಆಗಿದ್ದರೆ ಬೇರೆ ಮಾತು. ಆರ್ಡಿತ್ ಅಂದು ಮನೆಗೆ ಬಂದು ಗಂಡನಿಗೆ, ನಿನಗೂ ವಯಸ್ಸಾಯಿತು, ಕಣ್ಣು ತೋರಿಸಿಕೊ ಎಂದಳು. ತಪ್ಪು ತನ್ನ ಬೆರಳಿನದೆಂದು ಗೊತ್ತಿದ್ದೂ ಅದನ್ನು ಅವನ ಕಣ್ಣಿನ ಮೇಲೆ ಹಾಕಿದಳು. ಅವನು ಎದುರು ಮಾತಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದ.

ಮರ್ಲ್ ಕೆಟ್ಟವನಲ್ಲ. ಅವನು ಒಂದು ದಾರಿ ಹುಡುಕಿಟ್ಟಿದ್ದ. ಹಳೆಯ ರೀಮರಿನಲ್ಲೇ ಕೊರೆಯುತ್ತೇನೆ, ಹೊಸದನ್ನು ಬೀರುವಿನಲ್ಲಿ ಇಟ್ಟುಬಿಡುತ್ತೇನೆ ಎಂದ. ಅವಳ ಕೈ ಚೆನ್ನಾಗಿದ್ದಾಗಿನ ಗುಂಡಿನ ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿ ಇನ್ನೂ ಇದ್ದವು. ಅವನ್ನೇ ಹೊಡೆದರೆ ಲಿಯೋನಾ ಎಂದಿನಂತೆ "ಗುಂಡು, ಆರ್ಡಿತ್" ಎಂದು ಓದುತ್ತಾಳೆ. ಯಾರಿಗೂ ಏನೂ ತಿಳಿಯುವುದಿಲ್ಲ. ಹೊಸ ರೀಮರಿನಲ್ಲಿ ಕೊರೆದರೆ ಗಂಟಲು ಉದ್ದವಾಗುತ್ತದೆ, ಅವಳ ಗುಂಡು ಆ ನಳಿಗೆಯಲ್ಲಿ ಎಂದೂ ಏಣುಗಳಿಗೆ ತಾಗದು. ಬಯರ್ಲಿಯ ಮನೆಯಲ್ಲೇ ಬಯರ್ಲಿಯ ಗುಂಡು ಬೇಡವಾಯಿತು ಎಂದು ಮೈಕಿನಲ್ಲೇ ಸಾರಿದ ಹಾಗಾಗುತ್ತದೆ. ಮರುದಿನದಿಂದ ಅವಳ ಬಾಗಿಲು ತಟ್ಟುವವರಿಲ್ಲ.

ಅವನು ಹೇಳದೆ ಬಿಟ್ಟದ್ದನ್ನು ಆರ್ಡಿತ್ ತಾನೇ ಕೂಡಿಸಿಕೊಂಡಳು. ಹಳೆಯದರಲ್ಲಿ ಕೊರೆದರೆ ತನ್ನ ಹೆಸರು ಉಳಿಯುತ್ತದೆ, ವಿಲ್ಬರ್ ಕೊನೆಗಾಲಕ್ಕೆ ಗಾಳಿ ಮರೆತವನಾಗಿ ಮಣ್ಣಲ್ಲಿ ಇರುತ್ತಾನೆ. ಹೊಸದರಲ್ಲಿ ಕೊರೆದರೆ ತನ್ನದು ಹೋಗುತ್ತದೆ. ಇದಿಷ್ಟನ್ನೂ ಯಾರದೋ ಮನೆಯ ವಿಚಾರವೆಂಬಂತೆ ಯೋಚಿಸಿದಳು. ದುಃಖವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಭಾನುವಾರದವರೆಗೆ ಸಮಯ ಕೊಡು ಎಂದು ತೋಟಾವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬಂದಳು.

ನೆಲಮಾಳಿಗೆಯಲ್ಲಿ ದೀಪ ಹಾಕಿ ಕಳೆದ ವರ್ಷದ ಪೆಟ್ಟಿಗೆಯೊಂದನ್ನು ತೆಗೆದಳು. ಕೈಯನ್ನು ನಂಬುವಂತಿರಲಿಲ್ಲ, ಗೇಜಿನಲ್ಲಿ ಅಳೆದಳು. ಮೂತಿಯ ಅಳತೆ ಗುಂಡಿನಿಂದ ಗುಂಡಿಗೆ ಕುಣಿಯುತ್ತಿತ್ತು. ಸೀಸ ಸರಿಯಾಗಿ ಕೂರದೆ ತಾಮ್ರ ತನಗೆ ತೋಚಿದಷ್ಟು ಹಿಗ್ಗಿತ್ತು. ಸಾವಿರ ಗಜ ಹೋಗುವಷ್ಟರಲ್ಲಿ ಇಂಥದ್ದು ಒಂದು ಮೇಲೆ, ಒಂದು ಕೆಳಗೆ ಬೀಳದೆ ಇನ್ನೇನಾಗುತ್ತದೆ! ಇಡೀ ಪೆಟ್ಟಿಗೆಯನ್ನು ಕಾಫಿ ಡಬ್ಬಕ್ಕೆ ಸುರಿದಳು. ಡಬ್ಬ ಸಾಲಲಿಲ್ಲ, ಬಕೆಟ್ಟು ತಂದಳು.

ಭಾನುವಾರ ಚರ್ಚಿನಿಂದ ಬಂದವಳೇ ಮರ್ಲ್‌ಗೆ ಫೋನು ಮಾಡಿದಳು.

"ಅವನು ಹೇಳಿದ ರೀಮರಲ್ಲೇ ಕೊರಿ."

"ಲಿಯೋನಾ ಮೈಕಲ್ಲಿ ಓದ್ತಾಳೆ ಆರ್ಡಿತ್. ಕ್ಲಬ್ಬಿನ ರೂಲು, ನಾನು ಬೇಡ ಅನ್ನಕ್ಕಾಗಲ್ಲ."

"ಓದ್ಲಿ ಬಿಡು."

ಪಂದ್ಯ ಮೇ ತಿಂಗಳ ಶನಿವಾರ. ಗುಡ್ಡದ ಬುಡದಲ್ಲಿ ಗುರಿಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತಿದ್ದವು, ನಡುವಿನ ಹೊಲದಲ್ಲಿ ಬಾವುಟಗಳು ಒಂದೊಂದು ಒಂದೊಂದು ಕಡೆ ತಿರುಗಿದ್ದವು. ಲಿಯೋನಾ ಓದಿದಳು. ವಿಲ್ಬರ್ ಬಯರ್ಲಿಯ ಬಂದೂಕು. ಕಮ್ಮಾರ, ಮರ್ಲ್ ಕಾನ್ಫರ್. ಗುಂಡು ಎಂದು ತಡೆದಳು. ಆಮೇಲೆ ಆ ಕಾರ್ಖಾನೆಯ ಹೆಸರು ಹೇಳಿದಳು. ಸಾಲಿನಲ್ಲಿದ್ದ ತಲೆಗಳು ಒಂದೊಂದಾಗಿ ಆರ್ಡಿತಳ ಕಡೆ ತಿರುಗಿದವು. ಅವಳು ಮರಳಿನ ಚೀಲದ ಮೇಲೆ ಬಂದೂಕನ್ನು ಸರಿಮಾಡಿಕೊಳ್ಳುತ್ತಿದ್ದಳು.

ಆ ಬಂದೂಕುಗಳ ಕುದುರೆ, ಅಂದರೆ ಟ್ರಿಗರ್, ಉಸಿರು ತಾಗಿದರೂ ಬೀಳುವಂಥದ್ದು. ಜೋಮು ಹಿಡಿದ ತುದಿಬೆರಳಿಗೆ ಅದನ್ನು ಮುಟ್ಟಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆರ್ಡಿತ್ ಬೆರಳನ್ನು ಮಡಚಿ, ಇನ್ನೂ ಜೀವವಿದ್ದ ನಡುಗೆಣ್ಣಿನಿಂದ ಒತ್ತಿದಳು. ಬಾವುಟ ನೋಡಲಿಲ್ಲ, ಕಾಯಲಿಲ್ಲ. ಗಾಳಿ ಓದಲು ಅವಳಿಗೆ ಬರುತ್ತಲೂ ಇರಲಿಲ್ಲ. ತೋಟಾ ಹಾಕಿದಳು, ಹೊಡೆದಳು, ಖಾಲಿ ತೋಟಾ ತೆಗೆದಳು, ಇನ್ನೊಂದು ಹಾಕಿದಳು. ಹತ್ತೂ ತೋಟಾ ಮುಗಿಸಿ ಎದ್ದು, ಮಾಮೂಲಿನಂತೆ ಸೂಪು ಬಡಿಸಲು ಅಡುಗೆಮನೆಗೆ ಹೋದಳು.

ಗುರಿಯ ಹಾಳೆಗಳನ್ನು ತಂದು ತೂಗುಹಾಕುವ ಹಲಗೆಗೆ ಅಲ್ಲಿಯವರು ಅಳುಗೋಡೆ ಎನ್ನುತ್ತಾರೆ. ಹೊಡೆದವರೆಲ್ಲ ಅದರ ಮುಂದೆ ನಿಂತು ತಮ್ಮ ತಮ್ಮ ಗೋಳು ಹೇಳಿಕೊಳ್ಳುವುದರಿಂದ ಆ ಹೆಸರು. ಮಧ್ಯಾಹ್ನ ಇಳಿದ ಮೇಲೆ ಆರ್ಡಿತ್ ಸೌಟು ಕೆಳಗಿಟ್ಟು ಅಲ್ಲಿಗೆ ನಡೆದಳು. ಅವಳ ಹಾಳೆಯಲ್ಲಿ ಹತ್ತು ತೂತುಗಳು ಎಡದಿಂದ ಬಲಕ್ಕೆ, ದಾರದ ಮೇಲೆ ಬಟ್ಟೆ ಒಣಹಾಕಿದಂತೆ ಹರಡಿದ್ದವು. ಅಗಲ ನಾಚಿಕೆಯಾಗುವಷ್ಟು, ಎತ್ತರ ಮಾತ್ರ ಅಂಗೈಯಷ್ಟೂ ಇಲ್ಲ.

ಡಾರ್ಸಿ ಸ್ನೂಕ್ ಟೋಪಿ ತೆಗೆದು ಪಕ್ಕಕ್ಕೆ ಬಂದ. ಅವನಿಗೂ ಮರುಕವಿತ್ತು, ಆದರೆ ನಾಲಿಗೆ ಹಳೆಯ ಜಾಡು ಬಿಡಲಿಲ್ಲ. "ಬೇಜಾರ್ ಮಾಡ್ಕೋಬೇಡ ಆರ್ಡಿತ್. ಹೋದ್ವರ್ಷ ವಿಲ್ಬರಂಗೇ ಗಾಳಿ ಸಿಗಲಿಲ್ಲ, ನಿಂಗೆಲ್ಲಿ ಸಿಗ್ಬೇಕು," ಎಂದ.

ಆರ್ಡಿತ್ ಅವನ ಕಡೆ ತಿರುಗಲಿಲ್ಲ. ಹಾಳೆಯನ್ನೇ ನೋಡುತ್ತ, ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲಿ ಮಾತಾಡಿದಳು.

"ಗಾಳಿ ಸಿಗದಿದ್ರೆ ಹೀಗಾಗುತ್ತೆ ಡಾರ್ಸಿ. ಅಡ್ಡ ಹರಡುತ್ತೆ. ಹೋದ್ವರ್ಷ ಅವಂದು ಹೇಗಿತ್ತು ಹೇಳು."

ವಿಲ್ಬರನ ಹಾಳೆಗಳನ್ನು ಬೇಸಿಗೆಯಿಡೀ ಇದೇ ಹಲಗೆಯ ಮೇಲೆ ಎಲ್ಲರೂ ನೋಡಿದ್ದರು. ಅವುಗಳ ತೂತುಗಳು ಏಣಿಯ ಹಾಗೆ ಮೇಲಕ್ಕೂ ಕೆಳಕ್ಕೂ ಇದ್ದವು, ಅಡ್ಡಕ್ಕೆ ಕೈಬೆರಳಷ್ಟು. ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಅಷ್ಟೆತ್ತರಕ್ಕೆ ಎಸೆಯುವುದಿಲ್ಲ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಗೊತ್ತಿದ್ದ ಇಷ್ಟು ಜನ, ಸೋತವನೇ ಗಾಳಿ ಎಂದನಲ್ಲ ಎಂದು, ಕಣ್ಣೆದುರಿನ ತೂತನ್ನು ಬಿಟ್ಟು ಅವನ ಮಾತನ್ನು ನಂಬಿ ನಕ್ಕಿದ್ದರು.

"ಅವನು ಗಾಳಿ ಸರಿಯಾಗೇ ಓದ್ತಿದ್ದ," ಎಂದಳು ಆರ್ಡಿತ್. "ಗುಂಡು ಕೆಟ್ಟಿತ್ತು. ನನ್ನ ಕೈಗೆ ಸ್ಪರ್ಶ ಇಲ್ಲ. ಅವನಿಗೆ ಗೊತ್ತಿತ್ತು, ಹೇಳಲಿಲ್ಲ. ನಂಗೂ ಗೊತ್ತಿತ್ತು."

ಡಾರ್ಸಿ ಟೋಪಿಯನ್ನು ಕೈಯಲ್ಲಿ ಸುತ್ತು ತಿರುಗಿಸಿದ. ಅವನ ಬಳಿಯೂ ಅವಳ ಪೆಟ್ಟಿಗೆಗಳಿದ್ದವು. "ನನ್ ಹತ್ರ ಇರೋದನ್ನ ಏನ್ ಮಾಡ್ಲಿ?" ಎಂದು ಮೆಲ್ಲಗೆ ಕೇಳಿದ.

"ಹೋದ್ವರ್ಷದ್ದಾದ್ರೆ ಗ್ರೌಂಡ್‌ಹಾಗಿಗೆ ಹೊಡಿ. ಹತ್ತಿರ ಹೋಗಿ ಹೊಡಿ."

ಯಾರೂ ನಗಲಿಲ್ಲ. ಡಾರ್ಸಿ ಹೋಗಿ ಅವಳಿಗೊಂದು ಬಟ್ಟಲು ಸೂಪು ತಂದುಕೊಟ್ಟ. ಅವಳು ಅದನ್ನು ನಿಂತಲ್ಲೇ ಕುಡಿದು, ಬಂದೂಕನ್ನು ಮರ್ಲ್‌ನ ಕೈಗೆ ಕೊಟ್ಟು, ಹುಲ್ಲಿನ ಮೇಲೆ ನಿಲ್ಲಿಸಿದ್ದ ವಿಲ್ಬರನ ಟ್ರಕ್ಕಿನ ಕಡೆ ಹೋದಳು.

ಇಳಿಬಿಸಿಲು ಗಾಜಿಗೆ ನೇರ ಹೊಡೆಯುತ್ತಿತ್ತು. ಅವಳು ಹತ್ತಿ ಕೂತು, ಬಿಸಿಲು ತಡೆಯುವ ಅಡ್ಡಪಟ್ಟಿ ಇಳಿಸಿದಾಗ ಅಲ್ಲಿ ಸಿಕ್ಕಿಸಿಟ್ಟಿದ್ದ ಕನ್ನಡಕ ಮಡಿಲಿಗೆ ಬಿತ್ತು. ಹೊಸದರ ಹಾಗೇ ಇತ್ತು, ಕಡ್ಡಿಗೆ ಅಂಟಿಸಿದ ಅಂಗಡಿಯ ಚೀಟಿಯನ್ನು ಕೂಡ ಕಿತ್ತಿರಲಿಲ್ಲ. ಅವಳೆದುರು ಹಾಕಿಕೊಂಡು, ಬೆಂಚಿಗೆ ಹೋಗುವಾಗ ತೆಗೆದಿಡುತ್ತಿದ್ದನೇನೋ. ಆರ್ಡಿತ್ ಅದನ್ನು ತನ್ನ ಕಣ್ಣಿಗೆ ಹಿಡಿದು ನೋಡಿದಳು. ಬಾವುಟ, ಹೊಲ, ಗುಡ್ಡ ಎಲ್ಲ ಇದ್ದ ಹಾಗೇ ಕಂಡವು. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಕಣ್ಣು ತೋರಿಸಿಕೊ ಎಂದಳೆಂದು ಪವರ್ ಇಲ್ಲದ ಬರೀ ಗಾಜು ಹಾಕಿಸಿಕೊಂಡು ಬಂದಿದ್ದ.

"ನಂಗೊಂದು ಮಾತು ಹೇಳಬಾರದಿತ್ತಾ ನೀನು," ಎಂದಳು ಖಾಲಿ ಸೀಟಿಗೆ.

ಆಗ ಅಳು ಬಂತು. ಅಷ್ಟು ದಿನದ್ದೂ ಒಟ್ಟಿಗೆ, ಸದ್ದು ಮಾಡಿಕೊಂಡು ಬಂತು. ಅಳುಗೋಡೆಯ ಮುಂದಿದ್ದವರಿಗೆಲ್ಲ ಕೇಳಿಸಿತು. ಅವರು ಬೆನ್ನು ತಿರುಗಿಸಿ ಹಾಳೆಗಳನ್ನು ನೋಡುತ್ತ ನಿಂತರು.